ಬೀದಿಕುತ್ತು

ಜೂನ್ 12, 2002, ಬುಧವಾರ

ರಾತ್ರಿ ಎರಡೂಕಾಲು. ಲಾರಿ ಗೇರು ಬದಲಿಸಿದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎಂದು ಬರೆಯುವುದೂ ಸುಳ್ಳೇ, ನಿದ್ದೆ ಬಂದಿದ್ದರೆ ತಾನೇ ಎಚ್ಚರವಾಗಲು. ಕಣ್ಣು ಮುಚ್ಚಿಕೊಂಡು ಅದಕ್ಕಾಗಿಯೇ ಕಾಯುತ್ತಿದ್ದೆ, ಬಂತು. ಮೊದಲು ದೂರದಲ್ಲಿ ಗೊರಗೊರ. ಆಮೇಲೆ ಹೆಡ್‌ಲೈಟಿನ ಬೆಳಕು ಕಿಟಕಿ ಸರಳುಗಳ ನೆರಳನ್ನು ತೊಟ್ಟಿಲ ಮೇಲಿಂದ ಗೋಡೆಗೂ ಗೋಡೆಯಿಂದ ತಾರಸಿಗೂ ಎಳೆದುಕೊಂಡು ಹೋಯಿತು. ಗೇಟಿನ ಮುಂದೆ ಒಂದು ಸಲ ಹಿಂದೆ, ಒಂದು ಸಲ ಮುಂದೆ ಹೋಗಿ, ಬಲಕ್ಕೆ ತಿರುಗಿ, ಯಾರದೋ ಸೈಟಿಗೆ ಜಲ್ಲಿ ಸುರಿಯಿತು. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತಿತು. ಅಳಲಿಲ್ಲ. ನಾನೇ ಸ್ವಲ್ಪ ಅತ್ತೆ.

ಇದು ಇವರ ಕಾರ್ಖಾನೆಯಲ್ಲಿ ಹೊಸ ವರ್ಷಕ್ಕೆ ಕೊಟ್ಟ ಡೈರಿ, ಇಷ್ಟು ದಿನ ಖಾಲಿ ಬಿದ್ದಿತ್ತು. ಇವರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಾಲ್ಕು ವರ್ಷದ ಶಿವಾನಿ ಅಪ್ಪನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದಾಳೆ. ಈ ಮನೆಯಲ್ಲಿ ನಿದ್ದೆಯಿಲ್ಲದವಳು ನಾನೊಬ್ಬಳೇ. ಹೇಳಿದರೆ "ಬಾಣಂತಿತನ, ಸರಿಹೋಗುತ್ತೆ ಬಿಡು" ಎನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುವುದು. ಕಾಗದ "ಬಿಡು" ಎನ್ನುವುದಿಲ್ಲ.

ನಂಜನಗೂಡಿನ ಹೊರಗೆ ಊಟಿ ರಸ್ತೆಯಿಂದ ಒಳಕ್ಕೆ ನಮ್ಮ ಲೇಔಟು, ಕಪಿಲಾವನ. ಮೊನ್ನೆ ಮೊನ್ನೆಯವರೆಗೆ ಭತ್ತದ ಗದ್ದೆ. ಈಗ ವನವೆಂದರೆ ರಸ್ತೆ ಬದಿಗೆ ನೆಟ್ಟ ಅಶೋಕದ ಗಿಡಗಳು, ಅದರಲ್ಲೂ ಅರ್ಧ ಒಣಗಿವೆ. ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದು ಕಲ್ಲು ನೆಟ್ಟ ಸೈಟು. ಲೇಔಟಿನ ಇನ್ನೊಂದು ಗಡಿ ನಮ್ಮ ಗೇಟಿಗೆ ಕೂಗಳತೆಯಲ್ಲಿದೆ. ಅದರಾಚೆ ಸರ್ಕಾರ ಕಟ್ಟಿಸಿಕೊಟ್ಟ ಜನತಾ ಮನೆಗಳು, ಅವುಗಳ ಹಿಂದೆಯೇ ಆಸ್ಪತ್ರೆ, ಆಮೇಲೆ ಪೇಟೆ. ಆ ಕಡೆಯಿಂದ ರಸ್ತೆ ಹಗ್ಗ ಎಳೆದ ಹಾಗೆ ನೇರವಾಗಿ ಬಂದು ನಮ್ಮ ಗೇಟಿಗೆ ಮುಟ್ಟಿ, ಎಡಕ್ಕೂ ಬಲಕ್ಕೂ ಒಡೆಯುತ್ತದೆ. ಲಾರಿಗಳಿಗೆ ಇದೇ ಹತ್ತಿರದ ದಾರಿ. ಹಾಲಿನ ಜವರಮ್ಮ, ಜನತಾ ಮನೆಗಳಲ್ಲಿ ಗಡಿಗೆ ಅಂಟಿದ ಮೊದಲನೆಯ ಮನೆಯವಳು, ಇದರಲ್ಲೇ ಬರುತ್ತಾಳೆ. ಅವಳ ಗಂಡ ನಾಗಯ್ಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸದವನು, ಸೆಕೆಂಡ್ ಶಿಫ್ಟು ಮುಗಿಸಿ ಸೈಕಲ್ಲಿನ ಚೈನ್ ಕವರು ಗಡಗಡಿಸುತ್ತಾ ಇದರಲ್ಲೇ ಮನೆಗೆ ಹೋಗುತ್ತಾನೆ.

ಈ ಸೈಟು ಬೇರೆಯವಕ್ಕಿಂತ ಅಗ್ಗವಾಗಿ ಸಿಕ್ಕಿತು. ಯಾಕೆಂದು ನಾವು ಕೇಳಲಿಲ್ಲ.

ಜೂನ್ 20

ಮೂಗೂರಿನಿಂದ ಅತ್ತೆ ಬಂದರು. ಗೃಹಪ್ರವೇಶಕ್ಕೆ ಕಾಲು ಮುರಿದುಕೊಂಡು ಬರಲಾಗಿರಲಿಲ್ಲ, ಮನೆ ನೋಡಿದ್ದು ಇದೇ ಮೊದಲು. ಆಟೋ ಇಳಿದವರು ಒಳಗೆ ಬರದೆ ಗೇಟಿನಲ್ಲೇ ನಿಂತರು. ತಿರುಗಿ ರಸ್ತೆ ನೋಡಿದರು, ಮನೆ ನೋಡಿದರು, ಮತ್ತೆ ರಸ್ತೆ ನೋಡಿದರು.

"ಇದೇನ್ಲಾ ಬಸವೇಸ, ದಾರಿ ಬಂದು ನೆಟ್ಟಗೆ ಎದೆಗೇ ಒದ್ದಂಗೈತಲ್ಲ!"

ಇವರು ಚೀಲ ಇಳಿಸುತ್ತಾ, "ಒಳಗೆ ಬಾ ಅವ್ವ, ಬಿಸಿಲು" ಎಂದರು.

"ಬೀದಿಕುತ್ತು ಕಣ್ಲಾ ಇದು. ಬೀದಿ ಬಂದು ಗುದ್ದೋ ಮನೇಲಿ ಮಕ್ಳು ಮರಿ ನೆಟ್ಗಿರ್ತವಾ? ನಮ್ಮೂರಲ್ಲಿ ಇಂಥ ಜಾಗದಲ್ಲಿ ಯಾರಾರ ಕೊಟ್ಗೆನಾದ್ರೂ ಕಟ್ಟವ್ರಾ, ಯೋಳು."

"ಬೀದಿ ಇಲ್ಲದ ಕಡೆ ಮನೆ ಕಟ್ಟಿದ್ರೆ ನೀನು ಹೆಂಗವ್ವ ಬರ್ತಿದ್ದೆ, ಹಾರ್ಕೊಂಡಾ?"

"ಪಕ್ಕದಿಂದ ಬತ್ತಿದ್ದೆ, ಮನುಸ್ರು ಬಂದಂಗೆ."

ನನಗೂ ನಗು ಬಂತು. ರಾತ್ರಿ ಮಠದಿಂದ ತಂದ ವಿಭೂತಿಯನ್ನು ಗೇಟಿನ ಎರಡೂ ಕಂಬಗಳಿಗೆ ಬಳಿದರು. ಪಾಪ, ಅವರ ಸಮಾಧಾನ. ನಾನು ಬಿ.ಎ.ಯಲ್ಲಿ ಭೂಗೋಳ ಓದಿದವಳು. ಊರು ಬೆಳೆಯುವುದೇ ರಸ್ತೆ ರಸ್ತೆಗೆ ಕೂಡಿಕೊಂಡು ಎಂದು ಪುಟಗಟ್ಟಲೆ ಬರೆದು ನಂಬರು ತೆಗೆದಿದ್ದೇನೆ. ನರಸೀಪುರದಲ್ಲಿ, ನಮ್ಮ ತವರಿನ ಬೀದಿಯಲ್ಲಿ, ಯಾವ ಸಂದಿಗೆ ನುಗ್ಗಿದರೂ ಇನ್ನೊಂದು ಬೀದಿಗೆ ಬಿಡುತ್ತಿತ್ತು. ಅಮ್ಮ ಒಲೆಯ ಮೇಲೆ ಎಣ್ಣೆ ಕಾಯಲಿಟ್ಟು, ಸಂದಿಯಲ್ಲಿ ಓಡಿ ಹೋಗಿ ಯಾರದೋ ಹಿತ್ತಲಿನಿಂದ ಕರಿಬೇವು ತಂದು ಒಗ್ಗರಣೆ ಹಾಕುತ್ತಿದ್ದಳು. ರಸ್ತೆ ಮನೆಯನ್ನು ಗುದ್ದುವುದಿಲ್ಲ. ಗುದ್ದಿದರೆ ಲಾರಿ ಗುದ್ದೀತು.

ಜುಲೈ 9



ಬೆಳಿಗ್ಗೆಯಿಂದ ಶಿವಾನಿಗೆ ಮೈ ಬಿಸಿ. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಸೆಟೆದುಕೊಂಡು ಜಗ್ಗತೊಡಗಿದವು, ತುಟಿ ನೀಲಿ. ಇವರು ಕಾರ್ಖಾನೆಯಲ್ಲಿ, ಅತ್ತೆ ಮೂಗೂರಿಗೆ ವಾಪಸು ಹೋಗಿದ್ದಾರೆ. ನಾನು ಕಿರುಚಿದೆನೋ ಏನೋ ಗೊತ್ತಿಲ್ಲ. ಹಸುವಿಗೆ ಕಲಗಚ್ಚು ಒಯ್ಯಲು ಬಂದಿದ್ದ ಜವರಮ್ಮ ಬಕೆಟ್ಟು ಬಿಸಾಕಿ ಒಳಗೆ ಬಂದರು.

"ಬಾಯಿಗೇನೂ ಆಕ್ಬ್ಯಾಡಿ. ಕೊಡಿ ಇತ್ತಾಗೆ ಮಗೀನ."

ಎತ್ತಿ ಹೆಗಲಿಗೆ ಹಾಕಿಕೊಂಡವರೇ ರಸ್ತೆಗೆ ಬಿದ್ದು ಓಡಿದರು. ಕೂಸನ್ನು ಎದೆಗೆ ಅವಚಿಕೊಂಡು ಹಿಂದೆ ನಾನು. ನೇರ ರಸ್ತೆ. ಅವರ ಸೆರಗು ಎಲ್ಲಿಯೂ ಮರೆಯಾಗಲಿಲ್ಲ, ಉದ್ದಕ್ಕೂ ಕಣ್ಣೆದುರಿಗೇ ಇತ್ತು. ಜನತಾ ಮನೆಗಳ ಹೆಂಗಸರು ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರು ಕೊಡ ಎಳೆದು ದಾರಿ ಬಿಟ್ಟರು. ಆಸ್ಪತ್ರೆಯ ಹಿಂದಿನ ಗೇಟು ತಲುಪಿದಾಗ ನನ್ನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

ಡಾಕ್ಟರು ಹೇಳಿದರು, ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗೆ ಫಿಟ್ಸ್ ಬರುತ್ತದಂತೆ, ದೊಡ್ಡವಳಾದ ಹಾಗೆ ನಿಲ್ಲುತ್ತದಂತೆ. ಸಾಮಾನ್ಯವಾಗಿ ತಾನಾಗಿಯೇ ಬಿಡುತ್ತದೆ, ಮಗ್ಗುಲಾಗಿ ಮಲಗಿಸಿ. "ಆದರೆ ಐದು ನಿಮಿಷ ದಾಟಿದರೆ ಮನೇಲಿ ಕಾಯಬೇಡಿ. ಇವತ್ತು ಬೇಗ ತಂದ್ರಿ, ಒಳ್ಳೇದಾಯ್ತು."

ಬೇಗ ತಂದದ್ದು ನಾನಲ್ಲ. ಈ ರಸ್ತೆ ಇಲ್ಲದಿದ್ದರೆ, ಜವರಮ್ಮ ಇಲ್ಲದಿದ್ದರೆ? ಅವರಿಗೆ ಒಂದು ಸೀರೆ ಕೊಡಬೇಕು.

ರಾತ್ರಿ ಅತ್ತೆಗೆ ಫೋನ್ ಮಾಡಿದೆವು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ನಾನ್ಯೋಳ್ನಿಲ್ವಾ? ಗುದ್ತು ನೋಡು."

ನಾನು ನಕ್ಕೆ ಎಂದು ಬರೆಯಬೇಕು. ನಗು ಬರಲಿಲ್ಲ.

ಜುಲೈ 16

ನಿದ್ದೆ ಇಲ್ಲ. ಲಾರಿ. ಪ್ರತಿ ಸಲ ಬೆಳಕು ಗೋಡೆ ಹತ್ತಿದಾಗ ಎದ್ದು ಶಿವಾನಿಯ ಹಣೆ ಮುಟ್ಟುತ್ತೇನೆ. ತಣ್ಣಗಿದೆ. ಮತ್ತೆ ಮುಟ್ಟುತ್ತೇನೆ.

ಬೆಳಕು ನೇರವಾಗಿ ಅವಳ ಮುಖಕ್ಕೇ ಬೀಳುತ್ತದೆ. ಮಂಚದ ಜಾಗ ಬದಲಿಸಿದೆವು. ಈಗಲೂ ಅವಳ ಮುಖಕ್ಕೇ ಬೀಳುತ್ತದೆ.

ಆಗಸ್ಟ್ 4

ಹಿತ್ತಲಿನ ನಲ್ಲಿಯ ಹಿತ್ತಾಳೆ ತಿರುಪನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ರಾತ್ರಿಯೆಲ್ಲ ನೀರು ಹರಿದು ಹಿತ್ತಲು ಕೆಸರು.

ಈ ರಸ್ತೆಯಲ್ಲಿ ಯಾರ್ಯಾರು ಓಡಾಡುತ್ತಾರೆ ಎಂದು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಇವತ್ತು ಕೂಸಿಗೆ ಹಾಲೂಡಿಸುತ್ತಾ ಕಿಟಕಿಯಲ್ಲಿ ಕುಳಿತು ನೋಡಿದೆ. ಗಾರೆ ಕೆಲಸದವರು, ಹಳೇ ಪೇಪರಿನವನು, ಕುರಿ ಹೊಡೆದುಕೊಂಡು ಒಬ್ಬ ಮುದುಕ, ಬೀಡಿ ಸೇದುತ್ತಾ ನಿಂತು ನಮ್ಮ ಮನೆಯನ್ನೇ ನೋಡಿದ ಇಬ್ಬರು. ಎಲ್ಲರ ಮುಖವೂ ನಮ್ಮ ಗೇಟಿನ ಕಡೆಗೇ. ಇವರಿಗೆ ಹೇಳಿದರೆ, "ರಸ್ತೆ ಹಂಗಿದೆ ಕಣೇ, ನಡೆಯೋರು ಹಿಂದಕ್ಕೆ ಮುಖ ಮಾಡ್ಕೊಂಡು ನಡೀಬೇಕಾ?" ಎಂದರು.

ಜವರಮ್ಮ ಸಂಜೆ ಹಾಲು ಅಳೆಯುತ್ತಾ, ತಿರುಪು ಕದ್ದವರಿಗೆ ಬಾಯಿ ತುಂಬ ಬೈದಳು. ಸ್ವಲ್ಪ ಹೆಚ್ಚಾಗಿಯೇ ಬೈದಳು ಎನ್ನಿಸಿತು.

ಪೇಪರಿನ ಭಾನುವಾರದ ಪುರವಣಿಯಲ್ಲಿ ಒಬ್ಬರು ಅತ್ತೆ ಹೇಳಿದ ಬೀದಿಕುತ್ತಿನ ವಿಷಯವೇ ಬರೆದಿದ್ದಾರೆ. ವೀಥಿಶೂಲ ಎಂದು ಅದಕ್ಕೆ ಶಾಸ್ತ್ರದ ಹೆಸರು. ಸುಮ್ಮನೆ ಓದಿದೆ. ಕತ್ತರಿಸಿ ಇಟ್ಟುಕೊಂಡಿದ್ದೇನೆ, ಇವರಿಗೆ ತೋರಿಸಿ ನಗಲು.

ಆಗಸ್ಟ್ 18, ಭಾನುವಾರ

ಲೇಔಟಿನವರ ಮೀಟಿಂಗು. ಜನತಾ ಮನೆಗಳ ಕಡೆಯ ಗಡಿಯಲ್ಲಿ ರಸ್ತೆಗೆ ಅಡ್ಡ ಗೋಡೆ ಕಟ್ಟಬೇಕೆಂದು ಎತ್ತಿದವಳು ನಾನೇ. ಇವರು ಬಾಯಿ ಬಿಡುವುದಿಲ್ಲವೆಂದು ಗೊತ್ತಿತ್ತು. ಬೀದಿಕುತ್ತಿನ ಮಾತೇ ಎತ್ತಲಿಲ್ಲ, ಅದು ನನ್ನ ಬಾಯಿಂದ ಬರುವುದೂ ಇಲ್ಲ. ಧೂಳು, ಲಾರಿ, ಕಳ್ಳತನ, ಮಕ್ಕಳ ಸುರಕ್ಷತೆ, ಎಲ್ಲ ಕ್ರಮವಾಗಿ ಹೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಯ ನಂತರ ಮೊದಲ ಸಲ ಹತ್ತು ಜನ ನನ್ನ ಮಾತಿಗೆ ತಲೆಯಾಡಿಸಿದರು.

ಲೇಔಟು ಮಾಡಿದ ನಿಂಗರಾಜುಗೆ ಖುಷಿಯೋ ಖುಷಿ. ಗೋಡೆ ಬಂದು, ಊಟಿ ರಸ್ತೆಯ ಬಾಯಿಗೊಂದು ಕಮಾನು ಹಾಕಿ ಗೇಟು ಇಟ್ಟರೆ ಉಳಿದ ಸೈಟುಗಳಿಗೆ ಬೆಲೆ ಏರುತ್ತದೆ. "ಎಜುಕೇಟೆಡ್ ಲೇಡೀಸು ಹಿಂಗೆ ಮುಂದೆ ಬರ್ಬೇಕು" ಎಂದ.

ಹಿಂದಿನ ಸಾಲಿನಿಂದ ಗೋಪಾಲಕೃಷ್ಣ ಮೇಷ್ಟ್ರು ಎದ್ದರು. ರಿಟೈರ್ ಆಗಿ ನಮ್ಮ ಬಲಗಡೆ ಮೂರನೆಯ ಮನೆ ಕಟ್ಟಿದವರು. "ನಿಂಗರಾಜು, ಅಪ್ರೂವಲ್ ಆದ ನಕ್ಷೆಯಲ್ಲಿ ಈ ರಸ್ತೆ ಮುಂದಕ್ಕೆ ಹೋಗಿದೆಯಲ್ಲಪ್ಪ."

"ಹೋಗಿದೆ ಸಾ. ಹಂಗೆ ತೋರ್ಸಿದ್ರೇನೇ ಅಪ್ರೂವಲ್ ಕೊಡೋದು. ನಕ್ಷೆ ಬೀರುವಿನಾಗೈತೆ, ಅದೇನು ಎದ್ದು ಬಂದು ನೋಡ್ತದಾ?"

ಎಲ್ಲರೂ ನಕ್ಕರು. ಮೇಷ್ಟ್ರು ನನ್ನ ಕಡೆ ತಿರುಗಿದರು. "ಒಂದೇ ಬಾಯಿ ಇರೋದು ಚೀಲಕ್ಕೆ ಕಣಮ್ಮ, ಊರಿಗಲ್ಲ. ನಾಳೆ ಹೊತ್ತಲ್ಲದ ಹೊತ್ತಲ್ಲಿ ಯಾರಿಗಾದರೂ ಏನಾದರೂ ಆದರೆ?"

"ಆಗಬಾರದು ಎಂದೇ ಗೋಡೆ ಸಾರ್" ಎಂದೆ.

ಚಪ್ಪಾಳೆ ತಟ್ಟಿದರು. ಇವರು ಮಾತ್ರ ತಟ್ಟಲಿಲ್ಲ. ಮನೆಗೆ ಬಂದ ಮೇಲೆ, "ಅವತ್ತು ಮಗೂನ ಯಾವ ದಾರೀಲಿ ತಗೊಂಡು ಹೋದ್ರಿ?" ಎಂದರು. ನಮ್ಮ ಹತ್ತಿರ ಸ್ಕೂಟರು ಇದೆಯಲ್ಲ, ಫೋನಿದೆಯಲ್ಲ ಎಂದೆ. ಇವರು ಡ್ಯೂಟಿಯಲ್ಲಿರುವಾಗ ಸ್ಕೂಟರೂ ಡ್ಯೂಟಿಯಲ್ಲಿರುತ್ತದೆ ಎಂದರು. ಎಲ್ಲದಕ್ಕೂ ಒಂದು ಕೊಂಕು.

ಫಿಟ್ಸು ಬಂದದ್ದು ಈ ಮನೆಗೆ ಬಂದ ಮೇಲೆ. ಬಾಡಿಗೆ ಮನೆಯಲ್ಲಿ ಅವಳಿಗೆ ಎಷ್ಟು ಜ್ವರ ಬಂದರೂ ಹಾಗಾಗಿರಲಿಲ್ಲ. ನಾನು ಏನೂ ಹೇಳುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಆಗಸ್ಟ್ 29

ಗೋಡೆ ಆಳೆತ್ತರ ಬಂದಿದೆ. ನಾಳೆ ಮುಗಿಯುತ್ತದಂತೆ. ಮಧ್ಯಾಹ್ನ ಜವರಮ್ಮ ಊಟಿ ರಸ್ತೆಯ ಕಡೆಯಿಂದ ಸುತ್ತಿಕೊಂಡು, ಬಕೆಟ್ಟು ಹಿಡಿದು ಬಂದಳು. ಮೈಯೆಲ್ಲ ಬೆವರು.

"ಏನವ್ವ, ನಾನು ಕಲಗಚ್ಚು ತಕ್ಕೊಂಡೋಗೋ ದಾರೀಗೆ ಕ್ವಾಟೆ ಕಟ್ಟುಸ್ತಾವ್ರಲ್ಲ! ನಮ್ಮಸೀನ ಪಟ್ಟದಾನೆ ಅಂದ್ಕಂಬುಟ್ರಾ?"

"ಲೇಔಟಿನವರ ತೀರ್ಮಾನ ಜವರಮ್ಮ. ನಾನೇನು ಮಾಡಲಿ."

"ಲೇಔಟಿನೋರು ಅಂದ್ರೆ ಯಾರವ್ವ? ನೀವು ಯಾವೂರೋರು?"

ಕಲಗಚ್ಚು ಬಗ್ಗಿಸಿಕೊಟ್ಟೆ. ಅವಳು ಬಕೆಟ್ಟು ಎತ್ತಿಕೊಂಡು ಹೊರಟವಳು ಗೇಟಿನಲ್ಲಿ ತಿರುಗಿದಳು.

"ಮಗ ಉಸಾರಾ?"

"ಹುಷಾರು."

"ಅಂಗಾರೆ ಸರಿ. ಗ್ವಾಡೆ ಕಟ್ಟೋ ಐಕ್ಳಿಗೆ ನೀರು ಗೀರು ಕೊಡಿ ಕಣವ್ವ, ಬಿಸ್ಲು."

ಆ ಸೀರೆ ಕೊಡುವುದು ಮರೆತೇಹೋಗಿದೆ. ಈಗ ಕೊಟ್ಟರೆ ಬೇರೆ ಅರ್ಥ ಬರುತ್ತದೆ.

ಸೆಪ್ಟೆಂಬರ್ 2

ಮಲಗಿದೆ. ಬೆಳಗಿನವರೆಗೆ ಮಲಗಿದೆ.

ಅಕ್ಟೋಬರ್ 6

ಕಾವೇರಿ ಗಲಾಟೆ. ನರಸೀಪುರದಿಂದ ಬಸ್ಸಿಲ್ಲ, ಅಮ್ಮ ಬರಲಾಗಲಿಲ್ಲ. ಬಂದಿದ್ದರೂ ಊಟಿ ರಸ್ತೆಯಲ್ಲಿ ಇಳಿದು ಕಮಾನಿನಿಂದ ಒಳಕ್ಕೆ ನಡೆಯಬೇಕು, ಅವಳ ಮಂಡಿಗೆ ಆಗುತ್ತಿರಲಿಲ್ಲ.

ಶಿವಾನಿಯ ಶಿಶುವಿಹಾರದ ವ್ಯಾನಿನವನು ಇನ್ನು ಒಳಗೆ ಬರುವುದಿಲ್ಲವಂತೆ. ಮುಂಚೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುತ್ತಿದ್ದ, ಈಗ ಬಂದ ದಾರಿಯಲ್ಲೇ ರಿವರ್ಸ್ ಹೋಗಬೇಕಂತೆ. ಸೋಮಾರಿ. ಕಮಾನಿನವರೆಗೆ ನಾನೇ ನಡೆಸಿಕೊಂಡು ಹೋಗುತ್ತೇನೆ. ಸೊಪ್ಪಿನವಳೂ ಬರುತ್ತಿಲ್ಲ. ಲಾರಿಗಳು ಈಗ ಕಮಾನಿನಿಂದ ಬಂದು ಊಟಿ ರಸ್ತೆ ಕಡೆಯ ಸಾಲಿನವರ ಕಿಟಕಿಗೆ ಬೆಳಕು ಹೊಡೆಯುತ್ತವೆ. ಅವರು ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಾರೆ. ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದವರೂ ಅವರೇ.

ಇಷ್ಟಾದರೂ ಆ ಕಡೆಯವರಿಗೆ ಅರ್ಥವಾಗುವುದಿಲ್ಲ. ಗೋಡೆಗೆ ಕಲ್ಲು ಒಟ್ಟಿಕೊಂಡು ಹತ್ತಿ ಇಳಿಯುತ್ತಾರೆ. ಮೊನ್ನೆ ಸಂಜೆ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಸಾಲಾಗಿ, ನಗುತ್ತಾ, ದುಪ್ಪಟ ಸೊಂಟಕ್ಕೆ ಕಟ್ಟಿಕೊಂಡು ಹಾರುತ್ತಿದ್ದರು. ನನ್ನನ್ನು ಕಂಡು ಒಬ್ಬಳು "ಟಾಟಾ ಆಂಟಿ" ಎಂದಳು. ನಿಂಗರಾಜುಗೆ ಫೋನ್ ಮಾಡಿ ಗೋಡೆಯ ಮೇಲೆ ಗಾಜು ಹಾಕಿಸಲು ಹೇಳಿದೆ. ಎರಡೇ ದಿನದಲ್ಲಿ ಹಾಕಿಸಿದ. ಬಿಸಿಲಿಗೆ ಹಸಿರು, ಕಂದು ಬಾಟಲಿ ಚೂರುಗಳು ಹೊಳೆಯುತ್ತವೆ. ಶಿವಾನಿ "ಅಮ್ಮಾ, ಗೋಡೆಗೆ ಹಬ್ಬ" ಎಂದಳು.

ಜವರಮ್ಮ ಹಾಲು ಕೊಡುವುದು ನಿಲ್ಲಿಸಿದಳು. ಸುತ್ತಿ ಬರುವಷ್ಟರಲ್ಲಿ ಬೇರೆ ಮನೆಗಳಿಗೆ ಹಾಕುವ ಹಾಲಿನ ವರ್ತನೆ ತಪ್ಪುತ್ತದಂತೆ. ಪ್ಯಾಕೆಟ್ ಹಾಲೇ ಶುಚಿ.

ನವೆಂಬರ್ 10

ಅತ್ತೆ ಬಂದು ಹೋದರು. ಗೇಟಿನಲ್ಲಿ ನಿಂತು ಎದುರಿನ ಗೋಡೆ ನೋಡಿ, "ಈಗ ಮನೆ ಮನೆಯಂಗೈತೆ. ನನ್ ಸೊಸೆ ಓದಿದ್ಕೂ ಸಾರ್ಥಕ" ಎಂದರು. ಅವರಿಂದ ನಾನು ಕೇಳಿದ ಮೊದಲ ಹೊಗಳಿಕೆ. ಜುಲೈನಿಂದ ಈಚೆಗೆ ಶಿವಾನಿಗೆ ಒಂದು ಸಲ ನೆಗಡಿ ಬಿಟ್ಟರೆ ಏನೂ ಇಲ್ಲ. ಇದನ್ನೂ ಬರೆದಿಡಬೇಕು.

ಇವರು ನಿನ್ನೆ ಸ್ನೇಹಿತರೊಬ್ಬರ ಮನೆ ಹುಡುಕಿಕೊಂಡು ಪಕ್ಕದ ಹೊಸ ಲೇಔಟಿಗೆ ಹೋಗಿದ್ದರು. ಅದೂ ನಿಂಗರಾಜುವಿನದೇ. ಸ್ನೇಹಿತರು ಮಹಡಿಯ ಮೇಲೆ ನಿಂತು ಕೈ ಬೀಸುತ್ತಿದ್ದಾರೆ, ಇವರಿಗೆ ಕಾಣುತ್ತಿದ್ದಾರೆ, ಹೋಗಲು ದಾರಿಯಿಲ್ಲ. ಎಲ್ಲಿ ತಿರುಗಿದರೂ ಕಾಂಪೌಂಡು. ಅದರ ಪಕ್ಕದ್ದೂ ಹಾಗೆಯೇ ಎದ್ದಿದೆಯಂತೆ, ಊಟಿ ರಸ್ತೆಗೊಂದು ಬಾಯಿ, ಬೆನ್ನಿಗೊಂದು ಗೋಡೆ. "ನಮ್ಮ ಕಪಿಲಾವನ ನೋಡಿ ಕಲಿತ್ಕೊಂಡ್ರಂತೆ. ನಿಂಗರಾಜು ನಿನ್ನ ಹೆಸರು ಹೇಳಿ ಹೇಳಿ ಸೈಟ್ ಮಾರ್ತಾವ್ನೆ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಅಲ್ಲಿಯವರಿಗೂ ಮಕ್ಕಳಿರಬಹುದು, ಅವರಿಗೂ ನಿದ್ದೆ ಬೇಡವೇ ಎಂದೆ.

ನಿದ್ದೆ ಎಂದರೆ ನೆನಪಾಯಿತು. ಮತ್ತೆ ಬರುತ್ತಿಲ್ಲ. ಈಗ ಸದ್ದೇ ಇಲ್ಲ. ನಾಗಯ್ಯನ ಸೈಕಲ್ಲಿನ ಗಡಗಡ ಕೇಳಿದರೆ ಹನ್ನೆರಡು ದಾಟಿತು ಎಂದು ಗೊತ್ತಾಗುತ್ತಿತ್ತು. ಈಗ ರಾತ್ರಿ ಎಲ್ಲಿಗೆ ಬಂದಿದೆ ಎಂದೇ ತಿಳಿಯುವುದಿಲ್ಲ. ಏನೋ ಬರಬೇಕು, ಬಂದಿಲ್ಲ ಎನ್ನುವ ಹಾಗೆ ಕಿವಿ ಕಾಯುತ್ತಿರುತ್ತದೆ.

ಡಿಸೆಂಬರ್ 16

ಚಳಿ. ಶಿವಾನಿಗೆ ಸಂಜೆಯಿಂದ ಕೆಮ್ಮು, ಮೈ ಸ್ವಲ್ಪ ಬೆಚ್ಚಗಿದೆ. ಔಷಧಿ ಹಾಕಿದ್ದೇನೆ. ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ, ಬೀಗ.

ಜನತಾ ಮನೆಯವರು ಗೋಡೆಯ ಒಂದು ಕಡೆ ಗಾಜು ಅರ್ಧಂಬರ್ಧ ಉದುರಿಸಿದ್ದಾರೆ, ಜವರಮ್ಮನ ಮನೆಯ ನೇರಕ್ಕೇ. ಬೇಕೆಂದೇ ಮಾಡಿದ್ದು. ಬೆಳಿಗ್ಗೆ ಎದ್ದ ತಕ್ಷಣ ನಿಂಗರಾಜುಗೆ ಹೇಳಿ ಮತ್ತೆ ಹಾಕಿಸಬೇಕು. ಈ ಸಲ ಒತ್ತಾಗಿ.

ಡಿಸೆಂಬರ್ 17. ಬೆಳಗಿನ ಜಾವ ಇರಬೇಕು

ನಾಗಯ್ಯನವರೇ,

ನೀವು ಕೆಲಸ ಮುಗಿಸಿ ಬಂದಾಗ ನಿಮ್ಮ ಮನೆಯ ಬಾಗಿಲು ತೆರೆದಿರುತ್ತದೆ, ಜವರಮ್ಮನವರು ಇರುವುದಿಲ್ಲ. ಗಾಬರಿಯಾಗಬೇಡಿ. ನಾನು ಗೋಡೆಯ ಈಚೆ ಮನೆಯವಳು, ಶಿವಾನಿಯ ತಾಯಿ. ಬೇರೆ ಕಾಗದ ಕೈಗೆ ಸಿಗಲಿಲ್ಲ, ನನ್ನ ಡೈರಿಯ ಹಾಳೆಯಲ್ಲೇ ಬರೆದು ಹರಿಯುತ್ತಿದ್ದೇನೆ. ಹಿಂಬದಿಯಲ್ಲಿ ಬರೆದದ್ದು ಮನೆಯ ವಿಷಯ, ದಯವಿಟ್ಟು ಅದನ್ನು ಓದಬೇಡಿ.

ಒಂದು ಗಂಟೆಯ ಮೇಲೆ ಮಗುವಿಗೆ ಫಿಟ್ಸು ಬಂತು. ಮಗ್ಗುಲಾಗಿ ಮಲಗಿಸಿದೆವು, ಒದ್ದೆ ಬಟ್ಟೆ ಹಾಕಿದೆವು. ಬಿಡಲಿಲ್ಲ. ನಾನು ಕೂಗಿಕೊಂಡೆ. ಲೇಔಟಿನಲ್ಲಿ ಮೂರನೆಯ ಮನೆಯ ದೀಪ ಹತ್ತಿತು, ಮೇಷ್ಟ್ರು ಕಿಟಕಿಯಿಂದ ಏನಾಯಿತೆಂದು ಕೇಳಿದರು. ಅವರ ಹತ್ತಿರ ಗಾಡಿಯಿಲ್ಲ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಜವರಮ್ಮನವರ ದನಿ ಬಂತು. "ಇತ್ತಾಗೆ ಕೊಡಿ ಮಗೀನ, ನಾನು ಓಡ್ತೀನಿ" ಎಂದು ಕಲ್ಲಿನ ಮೇಲೆ ನಿಂತು ಎರಡೂ ಕೈ ಚಾಚಿದ್ದರು. ನಮ್ಮ ಯಜಮಾನರು ಎತ್ತಿ ಕೊಡಲು ಹೋದರು. ಮಗು ಜಗ್ಗುತ್ತಿತ್ತು, ಕೆಳಗೆ ಇನ್ನೂ ಉಳಿದ ಗಾಜು. ನಾನು ಬಿಡಲಿಲ್ಲ. ಯಾವ ತಾಯಿ ಬಿಡುತ್ತಾಳೆ ಹೇಳಿ. ಇವರು ನನ್ನ ಮುಖ ನೋಡಿ ಸ್ಕೂಟರು ಹೊರಗೆ ತೆಗೆದರು. ಹಿಂದೆ ಮಗುವನ್ನು ಹಿಡಿದು ಕೂರುವವರು ಬೇಕಿತ್ತು, ನನ್ನ ಕಂಕುಳಲ್ಲಿ ಚಿಕ್ಕದು. ಜವರಮ್ಮನವರು ಗೋಣಿಚೀಲ ಮಡಿಸಿ ಗಾಜಿನ ಮೇಲೆ ಹಾಕಿ ಈಚೆಗೆ ಇಳಿದೇಬಿಟ್ಟರು. ಅವರ ಅಂಗೈಗೆ ಸ್ವಲ್ಪ ತಾಗಿದೆ. ಸ್ವಲ್ಪವೇ. ಸ್ಕೂಟರ್ ಹತ್ತುವಾಗ ಅವರು ಹೇಳಿದ್ದು ನಿಮ್ಮ ವಿಷಯವೇ: "ನಮ್ ಯಜಮಾನ್ರು ಓಟಿ ಮಾಡ್ಬುಟ್ಟು ನಾಕು ಗಂಟ್ಗೆ ಬತ್ತರೆ, ಅವ್ರಿಗೊಂದು ಮಾತು ತಿಳ್ಸಿ ಕಣವ್ವ." ಅದಕ್ಕೆ ಬರೆಯುತ್ತಿದ್ದೇನೆ.

ಅವರು ಊಟಿ ರಸ್ತೆಯ ಮೇಲೆ ಸುತ್ತಿಕೊಂಡು ಹೋದರು. ಆಸ್ಪತ್ರೆಗೆ ತಲುಪಿದರೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಆಗದಿದ್ದರೆ ಮೈಸೂರಿಗೇ ಹೋಗುತ್ತೇವೆ ಎಂದಿದ್ದರು. ಆಸ್ಪತ್ರೆಯ ಎದುರು ಕಾಯಿನ್ ಫೋನಿದೆ. ಅಲ್ಲಿಯೇ ಇದ್ದರೆ ಇವರು ಇಷ್ಟು ಹೊತ್ತಿಗೆ ಫೋನ್ ಮಾಡಬೇಕಿತ್ತು. ಮಾಡಿಲ್ಲ. ಆಸ್ಪತ್ರೆಗೆ ನಾನೇ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಕೂಸನ್ನು ಎತ್ತಿಕೊಂಡು ನಾನೇ ನಡೆದುಬಿಡೋಣ ಎಂದು ಗೇಟಿನವರೆಗೆ ಎರಡು ಸಲ ಹೋದೆ. ನಾನು ಸುತ್ತಿಕೊಂಡು ಹೋಗುವಷ್ಟರಲ್ಲಿ ಇಲ್ಲಿ ಫೋನ್ ಹೊಡೆದುಕೊಂಡರೆ ಎತ್ತುವವರು ಯಾರು? ಇಲ್ಲಿ ಹೊರಗೆ ಒಂದು ಸದ್ದಿಲ್ಲ, ಒಂದು ಬೆಳಕಿಲ್ಲ. ಒಂದು ಲಾರಿ ಬಂದಿದ್ದರೂ ಅಡ್ಡ ನಿಂತು ಕೇಳುತ್ತಿದ್ದೆ.

ನಿಮಗೆ ಆಸ್ಪತ್ರೆ ಹತ್ತಿರ. ನಿಮ್ಮ ಬೀದಿಯ ಕೊನೆಗೇ ಅದರ ಹಿಂದಿನ ಗೇಟು. ನಮ್ಮ ನಡುವೆ ಈ ಗೋಡೆ ಬಂತು. ಲೇಔಟಿನವರು ಕಟ್ಟಿದ್ದು, ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ಈಗ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಈ ಹಾಳೆಯನ್ನು ಜವರಮ್ಮನವರ ಗೋಣಿಚೀಲಕ್ಕೆ ಕೂಸಿನ ಲಂಗೋಟಿಯ ಪಿನ್ನು ಚುಚ್ಚಿ ಆಚೆ ತಳ್ಳುತ್ತೇನೆ. ನಿಮ್ಮ ಬಾಗಿಲಿಗೇ ಬೀಳುತ್ತದೆ. ಚೀಲದ ಮೇಲೆ ರಕ್ತ ಕಂಡರೆ ಹೆದರಬೇಡಿ, ನಾನು ಹೇಳಿದೆನಲ್ಲ, ಅಂಗೈಗೆ ಮಾತ್ರ. ನಮ್ಮ ಫೋನ್ ನಂಬರು ತುದಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಬಟ್ಟೆ ಬದಲಿಸಲು ನಿಲ್ಲಬೇಡಿ, ಇದನ್ನು ಓದಿದ ತಕ್ಷಣ ಹೋಗಿ ನೋಡಿ. ಮಗು ಅಲ್ಲಿದ್ದಾಳೆಯೇ, ಕಣ್ಣು ಬಿಟ್ಟಿದ್ದಾಳೆಯೇ, ಅಷ್ಟು ನೋಡಿ ಫೋನ್ ಮಾಡಿ. ಅಲ್ಲಿ ಯಾರೂ ಇಲ್ಲದಿದ್ದರೆ ಇಲ್ಲವೆಂದಾದರೂ ಹೇಳಿ. ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ. ಒಂದು ಸಲ ರಿಂಗ್ ಕೊಟ್ಟು ಇಟ್ಟುಬಿಡಿ ಸಾಕು, ಇದ್ದಾಳೆ ಎಂದುಕೊಳ್ಳುತ್ತೇನೆ. ಫೋನಿನ ಪಕ್ಕದಲ್ಲೇ ನೆಲದ ಮೇಲೆ ಕುಳಿತಿರುತ್ತೇನೆ. ನಾಗಯ್ಯನವರೇ, ಒಂದೇ ಒಂದು ರಿಂಗ್. ಬೆಳಗಾಗುವ ಮೊದಲು ಮಾಡಿ.